ಇಂಗ್ಲೆಂಡಿನಲ್ಲಿ ಪಬ್ ಬಾಡಿಗೆಗೆ ಹಿಡಿಯುವ ಮುನ್ನ

ಇಂಗ್ಲೆಂಡಿನ ಯಾವ ಊರಿಗೆ ಹೋದರೂ ಒಂದಲ್ಲ ಒಂದು ಪಬ್ಬಿನ ಗೋಡೆಯ ಮೇಲೆ ದೊಡ್ಡ ಬ್ಯಾನರ್ ಕಾಣುತ್ತದೆ: ಈ ಪಬ್ ನಡೆಸುವವರು ಬೇಕಾಗಿದ್ದಾರೆ, ಸ್ವಂತ ವ್ಯಾಪಾರ ಶುರು ಮಾಡಿ, ಕಡಿಮೆ ಬಂಡವಾಳ ಸಾಕು. ವಿಚಾರಿಸಿದರೆ ಆಸೆ ಹುಟ್ಟಿಸುವ ಮಾತುಗಳೇ ಕೇಳಿಬರುತ್ತವೆ. ಹಳೆಯ ಕಾಲದ ಚೆಂದದ ಕಟ್ಟಡ, ಮಹಡಿಯ ಮೇಲೆ ಸಂಸಾರ ಹೂಡಲು ಮನೆ, ಸಿದ್ಧವಾಗಿರುವ ಬಾರ್ ಮತ್ತು ಅಡುಗೆಮನೆ, ಸಂಜೆಯಾದರೆ ತಪ್ಪದೆ ಬಂದು ಕೂರುವ ಗಿರಾಕಿಗಳು. ಸಣ್ಣದೊಂದು ರೆಸ್ಟೊರೆಂಟ್ ಹೊಸದಾಗಿ ತೆರೆಯಲು ಬೇಕಾಗುವ ಹಣದಲ್ಲಿ ಒಂದು ಪಾಲು ಕೊಟ್ಟರೆ ಇದೆಲ್ಲ ಕೈಗೆ ಬರುತ್ತದೆ.

ಇಷ್ಟು ಅಗ್ಗಕ್ಕೆ ಯಾಕೆ ಕೊಡುತ್ತಾರೆ? ಈ ಪ್ರಶ್ನೆಗೆ ಉತ್ತರ ಗೊತ್ತಾದರೆ ಮುಂದಿನದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ. ಪಬ್ ಕೊಡುವ ಕಂಪನಿಯ ಲಾಭ ನೀವು ಮೊದಲ ದಿನ ಕೊಡುವ ಹಣದಲ್ಲಿಲ್ಲ. ಆಮೇಲೆ ಪ್ರತಿವಾರ ನೀವು ಕೊಡುವ ಬಾಡಿಗೆಯಲ್ಲಿದೆ, ಅದಕ್ಕಿಂತ ಹೆಚ್ಚಾಗಿ ನೀವು ಅವರಿಂದಲೇ ಕೊಳ್ಳಬೇಕಾದ ಬಿಯರಿನಲ್ಲಿದೆ. ಕಟ್ಟಡದ ಮಾಲೀಕರು ಅವರು, ಸರಕು ಮಾರುವವರೂ ಅವರು, ನೀವು ಮಲಗುವ ಮನೆಯೂ ಅವರದೇ. ಈ ಮೂರು ಎಳೆಗಳೂ ಒಂದೇ ಕೈಯಲ್ಲಿರುವ ವ್ಯಾಪಾರವನ್ನು ಬಾಡಿಗೆ ಎಷ್ಟು ಎಂಬ ಒಂದೇ ಅಂಕಿಯಿಂದ ಅಳೆದವರು ಕೈಸುಟ್ಟುಕೊಳ್ಳುತ್ತಾರೆ.

ಪಬ್ಬುಗಳೆಲ್ಲ ಹೊರಗಿನಿಂದ ಒಂದೇ ಥರ ಕಂಡರೂ ಒಳಗಿನ ಏರ್ಪಾಡು ಬೇರೆಬೇರೆ. ವೆದರ್‌ಸ್ಪೂನ್‌ನಂಥ ಕಂಪನಿಯ ಪಬ್ಬುಗಳನ್ನು ನಡೆಸುವವರು ಸಂಬಳದ ಮ್ಯಾನೇಜರುಗಳು. ಅಲ್ಲಿ ನಷ್ಟವಾದರೆ ಕಂಪನಿಗೆ. ಕಟ್ಟಡವನ್ನು ತಾವೇ ಕೊಂಡು, ಬೇಕಾದ ಕಡೆಯಿಂದ ಬಿಯರ್ ತರಿಸುವವರದು ಫ್ರೀ ಹೌಸ್. ಇವೆರಡರ ನಡುವೆ ಇರುವುದು ಟೈಡ್ ಪಬ್, ಅಂದರೆ ಕಟ್ಟಿನ ಪಬ್: ಬಿಯರ್ ತಯಾರಿಸುವ ಬ್ರೂವರಿ ಅಥವಾ ಪಬ್ ಕಂಪನಿಯಿಂದ ಬಾಡಿಗೆಗೆ ಹಿಡಿದು, ಬಿಯರನ್ನು, ಕೆಲವೊಮ್ಮೆ ಸೈಡರ್, ವೈನ್, ಸ್ಪಿರಿಟ್, ತಂಪು ಪಾನೀಯವನ್ನೂ ಅವರಿಂದಲೇ ಕೊಳ್ಳುತ್ತೇನೆಂದು ಕರಾರು ಮಾಡಿಕೊಂಡ ಪಬ್. ಬ್ಯಾನರಿನಲ್ಲಿ ಕಾಣುವುದು ಬಹುಮಟ್ಟಿಗೆ ಇದೇ.

ಈ ಕಟ್ಟುಪಾಡು ಹಳೆಯದು. ತಾವು ಕುದಿಸಿದ ಬಿಯರಿಗೆ ಗಿರಾಕಿ ತಪ್ಪಬಾರದೆಂದು ಬ್ರೂವರಿಗಳು ಪಬ್ಬುಗಳನ್ನೇ ಕೊಂಡುಕೊಳ್ಳುತ್ತ ಬಂದವು. ಕೊನೆಗೆ ಕೆಲವೇ ದೊಡ್ಡ ಬ್ರೂವರಿಗಳ ಹಿಡಿತ ಅತಿಯಾಯಿತೆಂದು 1989ರಲ್ಲಿ ಸರ್ಕಾರ ಆದೇಶ ಹೊರಡಿಸಿತು: 2,000ಕ್ಕಿಂತ ಹೆಚ್ಚು ಪಬ್ ಇದ್ದವರು ಆ ಹೆಚ್ಚಿನದರಲ್ಲಿ ಅರ್ಧದಷ್ಟನ್ನು ಕಟ್ಟಿನಿಂದ ಬಿಡಬೇಕು. ಸ್ವತಂತ್ರ ಪಬ್ಬುಗಳು ಹೆಚ್ಚುತ್ತವೆ ಎಂಬುದು ಎಣಿಕೆ. ಆದದ್ದೇ ಬೇರೆ. ಬ್ರೂವರಿಗಳು ಮಾರಿದ ಪಬ್ಬುಗಳನ್ನು ಸಾವಿರಗಟ್ಟಲೆ ಕೊಂಡವು ಹೊಸದಾಗಿ ಹುಟ್ಟಿದ ಪಬ್ ಕಂಪನಿಗಳು, ಅಂದರೆ ಪಬ್‌ಕೋಗಳು. ಇವರು ಬಿಯರ್ ತಯಾರಿಸುವವರಲ್ಲ. ಬ್ರೂವರಿಯಿಂದ ಭಾರಿ ರಿಯಾಯಿತಿಯಲ್ಲಿ ಕೊಂಡು ತಮ್ಮ ಬಾಡಿಗೆದಾರರಿಗೆ ಪೂರ್ತಿ ಬೆಲೆಗೆ ಮಾರುವವರು. ಕಟ್ಟು ಉಳಿಯಿತು, ಕಟ್ಟಿದವರು ಬದಲಾದರು.

ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಇದು ಅಪರಿಚಿತ ಕಥೆಯಲ್ಲ. ಮಂಡಿ ಸಾಹುಕಾರನಿಂದ ಮುಂಗಡ ತಂದವನು ಫಸಲನ್ನು ಅದೇ ಮಂಡಿಗೆ ಹಾಕಬೇಕಿತ್ತು. ಬಡ್ಡಿ ಕಡಿಮೆ ಎಂದು ಹಿಗ್ಗಿದವನಿಗೆ ತೂಕದಲ್ಲೂ ಧಾರಣೆಯಲ್ಲೂ ಉತ್ತರ ಸಿಗುತ್ತಿತ್ತು. ಶಿರಸಿಯಲ್ಲಿ 1923ರಷ್ಟು ಹಿಂದೆಯೇ ತೋಟಗಾರರು ಸಹಕಾರಿ ಮಾರಾಟ ಸಂಘ ಕಟ್ಟಿಕೊಂಡಿದ್ದು ಸುಮ್ಮನೆ ಅಲ್ಲ.

ಒದ್ದೆ ಬಾಡಿಗೆ, ಒಣ ಬಾಡಿಗೆ

ಪಬ್ ವ್ಯಾಪಾರದವರು ಆಡುವ ಮಾತು ಇದು. ಕರಾರಿನಲ್ಲಿ ಬರೆದ ಬಾಡಿಗೆ ಡ್ರೈ ರೆಂಟ್. ಹೊರಗಿನ ಮಾರುಕಟ್ಟೆಗಿಂತ ಬಿಯರಿಗೆ ನೀವು ಹೆಚ್ಚಾಗಿ ಕೊಡುವ ಹಣ ವೆಟ್ ರೆಂಟ್. ಮೊದಲನೆಯದು ಕಾಗದದಲ್ಲಿ ಕಾಣುತ್ತದೆ, ಎರಡನೆಯದನ್ನು ನೀವೇ ಲೆಕ್ಕ ಹಾಕಿಕೊಳ್ಳಬೇಕು.

ಹಾಕಿಯೇ ನೋಡೋಣ. ಇಲ್ಲಿಂದ ಮುಂದೆ ಬರುವ ಪಬ್ಬಿನ ಅಂಕಿಗಳು ಉದಾಹರಣೆಗೆಂದು ನಾನೇ ಇಟ್ಟುಕೊಂಡವು. ಲೆಕ್ಕದ ದಾರಿ ಮಾತ್ರ ನಿಜವಾದದ್ದು. ಬಿಯರ್ ಬರುವುದು ಕೆಗ್ ಎಂಬ ಲೋಹದ ಪೀಪಾಯಿಯಲ್ಲಿ, ಗಿರಾಕಿಗೆ ಕೊಡುವುದು ಅರ್ಧ ಲೀಟರಿಗಿಂತ ತುಸು ಹೆಚ್ಚಿನ ಪಿಂಟ್ ಅಳತೆಯಲ್ಲಿ. ಹನ್ನೊಂದು ಗ್ಯಾಲನ್ನಿನ ಒಂದು ಕೆಗ್ಗಿನಲ್ಲಿ 88 ಪಿಂಟ್ ಇರುತ್ತದೆ. ಕಂಪನಿಯ ಬೆಲೆ ಕೆಗ್ಗಿಗೆ 170 ಪೌಂಡ್, ಅದೇ ಬಿಯರ್ ಹೊರಗೆ 110 ಪೌಂಡಿಗೆ ಸಿಗುತ್ತದೆ ಎಂದಿಟ್ಟುಕೊಳ್ಳಿ. ವ್ಯತ್ಯಾಸ 60 ಪೌಂಡ್, ಅಂದರೆ ಪಿಂಟಿಗೆ 68 ಪೆನ್ಸ್. ಗಿರಾಕಿ ಒಂದು ಪಿಂಟಿಗೆ 5 ಪೌಂಡ್ ಕೊಟ್ಟರೆ ಅದರಲ್ಲಿ 83 ಪೆನ್ಸ್ ವ್ಯಾಟ್. ಅದು ನಿಮ್ಮದಲ್ಲ, ಸರ್ಕಾರದ್ದು. ಉಳಿದ 4.17 ಪೌಂಡಿನಲ್ಲಿ ಕಟ್ಟಿಲ್ಲದ ಪಬ್ಬಿಗೆ ಸುಮಾರು 2.92 ದಕ್ಕಿದರೆ ನಿಮಗೆ 2.24. ವಾರಕ್ಕೆ ಐದು ಕೆಗ್ ಹೋದರೆ 300 ಪೌಂಡ್, ವರ್ಷಕ್ಕೆ 15,600. ಕರಾರಿನಲ್ಲಿ ಎಲ್ಲೂ ಬರೆಯದ ಬಾಡಿಗೆ ಇದು.

ಹಾಗೆಂದು ಕಟ್ಟು ಶುದ್ಧ ಮೋಸ ಎನ್ನುವುದೂ ಸರಿಯಲ್ಲ. ಬಿಯರಿನಲ್ಲಿ ದುಡ್ಡು ಬರುತ್ತದೆ ಎಂದೇ ಕಂಪನಿ ಡ್ರೈ ರೆಂಟನ್ನು ಇಳಿಸಿರುತ್ತದೆ. ಕಟ್ಟಿಲ್ಲದ ಪಬ್ಬಿನ ಬಾಡಿಗೆ ಹೆಚ್ಚು. ವ್ಯಾಪಾರ ಬಿದ್ದ ವಾರ ಕೆಗ್ ಕಡಿಮೆ ಹೋಗುವುದರಿಂದ ವೆಟ್ ರೆಂಟ್ ತಾನಾಗಿ ಇಳಿಯುತ್ತದೆ, ಆದರೆ ಕಟ್ಟಿಲ್ಲದ ಪಬ್ಬಿನ ದೊಡ್ಡ ಬಾಡಿಗೆ ಇಳಿಯುವುದಿಲ್ಲ. ಅನುಭವವಿಲ್ಲದವರಿಗೆ ಇದೊಂದು ಬಗೆಯ ರಕ್ಷಣೆಯೇ. ಒಂದು ವಿಷಯ ಮಾತ್ರ ಮರೆಯಬಾರದು: ನೀವು ಶ್ರಮಪಟ್ಟು ಮಾರಾಟ ಹೆಚ್ಚಿಸಿದಂತೆಲ್ಲ ಆ ಶ್ರಮದ ಫಲದಲ್ಲಿ ಕಂಪನಿಯ ಪಾಲೂ ಹೆಚ್ಚುತ್ತ ಹೋಗುತ್ತದೆ. ಅದಕ್ಕೇ ನನ್ನ ಲೆಕ್ಕದಲ್ಲಿ, ಕಟ್ಟಿನ ಪಬ್ಬಿನಲ್ಲಿ ಅಡುಗೆಯಿಂದ ದುಡಿಯುವವನು ಬಿಯರಿನಿಂದ ದುಡಿಯುವವನಿಗಿಂತ ನೆಮ್ಮದಿಯಾಗಿರುತ್ತಾನೆ. ಅಡುಗೆಮನೆಗೆ ಸಾಮಾನ್ಯವಾಗಿ ಕಟ್ಟಿಲ್ಲ.

ಹೊರಗಿನಿಂದ ಗುಟ್ಟಾಗಿ ಒಂದೆರಡು ಕೆಗ್ ತರಿಸಿದರಾಯಿತು ಎಂದು ಯಾರಾದರೂ ಕಿವಿಯೂದಿದರೆ ನಂಬಬೇಡಿ. ಎಷ್ಟೋ ಪಬ್ಬುಗಳ ಬಿಯರ್ ಕೊಳವೆಗಳಲ್ಲಿ ಹರಿದ ಪ್ರಮಾಣ ಅಳೆಯುವ ಮೀಟರುಗಳಿವೆ. ಕಂಪನಿ ಕಳುಹಿಸಿದ್ದಕ್ಕಿಂತ ಹೆಚ್ಚು ಹರಿದರೆ ವಿಚಾರಣೆ, ದಂಡ, ಕೊನೆಗೆ ಕರಾರು ರದ್ದು. ಕೊಳವೆ ತೊಳೆಯುವಾಗ ಹರಿದ ನೀರೂ ಬಿಯರಾಗಿ ಲೆಕ್ಕಕ್ಕೆ ಬಂತೆಂಬ ಜಗಳಗಳು ಎದ್ದದ್ದರಿಂದ, ದೊಡ್ಡ ಕಂಪನಿಗಳು ಈ ಮೀಟರಿನ ಅಂಕಿಯೊಂದನ್ನೇ ಹಿಡಿದು ಕ್ರಮ ಕೈಗೊಳ್ಳುವಂತಿಲ್ಲ ಎಂದು ಈಗ ನಿಯಮವಿದೆ.

ಬಾಡಿಗೆ ಎಲ್ಲಿಂದ ಬರುತ್ತದೆ

ಮನೆ ಬಾಡಿಗೆಯಂತೆ ಚದರಡಿ ನೋಡಿ ಪಬ್ಬಿನ ಬಾಡಿಗೆ ಹೇಳುವುದಿಲ್ಲ. ಸಾಧಾರಣ ಸಾಮರ್ಥ್ಯದ ಒಬ್ಬ ವ್ಯಕ್ತಿ ಆ ಪಬ್ಬನ್ನು ನಡೆಸಿದರೆ ವರ್ಷಕ್ಕೆ ಎಷ್ಟು ವಹಿವಾಟು ಆಗಬಹುದು ಎಂದು ಮೊದಲು ಅಂದಾಜಿಸುತ್ತಾರೆ. ಅದರಲ್ಲಿ ಸರಕಿನ ಬೆಲೆ, ಕೂಲಿ, ಕರೆಂಟು, ಉಳಿದ ಖರ್ಚು ಕಳೆದು ಮಿಕ್ಕಿದ್ದನ್ನು ಮಾಲೀಕರು ಮತ್ತು ಬಾಡಿಗೆದಾರ ಹಂಚಿಕೊಳ್ಳಬೇಕು. ಹಲವು ಕಡೆ ಹಂಚಿಕೆ ಅರ್ಧಕ್ಕೆ ಅರ್ಧದ ಆಸುಪಾಸಿನಲ್ಲಿರುತ್ತದೆ. ಕೇಳಲು ನ್ಯಾಯವಾಗಿಯೇ ಇದೆ. ತೊಡಕಿರುವುದು ಅಂದಾಜಿನಲ್ಲಿ.

ವಾರಕ್ಕೆ ಗಲ್ಲಾಪೆಟ್ಟಿಗೆಗೆ 6,000 ಪೌಂಡ್ ಬೀಳುವ ಪಬ್ ಒಂದಿದೆ ಎನ್ನಿ. ವ್ಯಾಟ್ ತೆಗೆದರೆ 5,000. ಅದರಲ್ಲಿ ಶೇ 55 ಒಟ್ಟು ಲಾಭವೆಂದರೆ 2,750. ಕೆಲಸದವರ ಸಂಬಳ 1,500, ಕರೆಂಟು ಗ್ಯಾಸು ನೀರು 350, ವಿಮೆ, ತೆರಿಗೆ, ಟಿವಿ, ಸಂಗೀತದ ಲೈಸೆನ್ಸ್, ಅಕೌಂಟೆಂಟ್ ಎಲ್ಲ ಸೇರಿ 350. ಮಿಕ್ಕಿದ್ದು 550. ಅರ್ಧ ಬಾಡಿಗೆ, ಅಂದರೆ 275. ಉಳಿದ 275 ನಿಮ್ಮದು.

ಈಗ ವಹಿವಾಟು ಶೇ 10 ಕುಸಿಯಲಿ. ಒಟ್ಟು ಲಾಭ 2,475ಕ್ಕೆ ಇಳಿಯಿತು. ಬಾಗಿಲು ತೆರೆದಿಡಬೇಕಾದ್ದರಿಂದ ಕೂಲಿ, ಕರೆಂಟು, ಬಾಡಿಗೆ ಅಷ್ಟೇ. ಕೈಯಲ್ಲಿ ಉಳಿಯುವುದು ಸೊನ್ನೆ. ಹತ್ತರಲ್ಲಿ ಒಬ್ಬ ಗಿರಾಕಿ ಬರುವುದು ಬಿಟ್ಟರೆ ಸಾಕು, ನಿಮ್ಮ ಇಡೀ ಆದಾಯ ಹೋಗುತ್ತದೆ. ಮತ್ತೊಂದು ಬಗೆ: ಕಂಪನಿ ಬಾಡಿಗೆ ನಿಗದಿ ಮಾಡುವಾಗಲೇ ವಹಿವಾಟನ್ನು 5,000ದ ಬದಲು 5,500 ಎಂದು ಊಹಿಸಿದ್ದರೆ ಬಾಡಿಗೆ 412 ಆಗುತ್ತಿತ್ತು. ನಿಜದಲ್ಲಿ ಆದದ್ದು 5,000ವೇ ಆದರೆ ನಿಮಗೆ ದಕ್ಕುವುದು 138. ಆದ್ದರಿಂದ ಬಾಡಿಗೆಯ ಮೊತ್ತದ ಮೇಲೆ ಚೌಕಾಸಿ ಮಾಡುವುದಕ್ಕಿಂತ ವಹಿವಾಟಿನ ಅಂದಾಜಿನ ಮೇಲೆ ಹಿಡಿದು ಕೂರುವುದು ಜಾಣತನ. ಹಿಂದಿನ ಮೂರು ವರ್ಷ ಎಷ್ಟು ಬ್ಯಾರೆಲ್ ಹೋಯಿತು ಎಂದು ಕೇಳಿ. ಹಿಂದಿನ ಬಾಡಿಗೆದಾರನ ಲೆಕ್ಕಪತ್ರ ತಮ್ಮ ಬಳಿ ಇಲ್ಲವೆಂದು ಕಂಪನಿ ಹೇಳಬಹುದು. ತಾವೇ ಕಳುಹಿಸಿದ ಬಿಯರಿನ ಲೆಕ್ಕ ಇಲ್ಲವೆಂದು ಹೇಳಲಾಗದು. ಒಂದು ಬ್ಯಾರೆಲ್ ಅಂದರೆ 36 ಗ್ಯಾಲನ್, 288 ಪಿಂಟ್. ಗುಣಿಸಿದರೆ ಆ ಪಬ್ಬಿನ ಬಿಯರ್ ವ್ಯಾಪಾರದ ಚಿತ್ರ ನಿಮ್ಮ ಮುಂದಿರುತ್ತದೆ. ಕೊಟ್ಟಿರುವ ಅಂದಾಜಿಗೂ ಇದಕ್ಕೂ ತಾಳೆಯಾಗದಿದ್ದರೆ ಮಾತು ಅಲ್ಲಿಗೇ ನಿಲ್ಲಲಿ.

ಆ 275 ಪೌಂಡನ್ನೂ ಇನ್ನೊಮ್ಮೆ ನೋಡಿ. ಗಂಡ ಹೆಂಡತಿ ಇಬ್ಬರೂ ವಾರಕ್ಕೆ ಅರವತ್ತು ಗಂಟೆ ದುಡಿದರೆ ಗಂಟೆಗೆ 2.29 ಪೌಂಡ್. ಅದೇ ಬಾರಿನಲ್ಲಿ ಗ್ಲಾಸು ಒರೆಸುವ 21 ದಾಟಿದ ಹುಡುಗನಿಗೆ ಕಾನೂನು ಪ್ರಕಾರ ಕೊಡಬೇಕಾದ ಕನಿಷ್ಠ ಕೂಲಿ 2025ರ ಏಪ್ರಿಲ್‌ನಿಂದ 12.21, 2026ರ ಏಪ್ರಿಲ್‌ನಿಂದ 12.71 ಪೌಂಡ್. ಸ್ವಂತ ವ್ಯಾಪಾರದವನಿಗೆ ಕನಿಷ್ಠ ಕೂಲಿಯ ಕಾಯ್ದೆ ಅನ್ವಯಿಸುವುದಿಲ್ಲ. ಮೇಲಿನ ಮನೆ ಪುಕ್ಕಟೆ ಎಂಬ ಸಮಾಧಾನ ಇದೆ, ನಿಜ. ಲಂಡನ್ನಿನಲ್ಲಿ ಅದು ದೊಡ್ಡ ಸಮಾಧಾನವೇ. ಆದರೆ ಆ ಮನೆಗೆ ಪಬ್ಬಿನೊಳಗಿಂದಲೇ ದಾರಿಯೇ, ಬೇರೆ ಬಾಗಿಲಿದೆಯೇ, ಶುಕ್ರವಾರ ರಾತ್ರಿ ಹನ್ನೊಂದಕ್ಕೆ ಮಕ್ಕಳು ನಿದ್ದೆ ಮಾಡಬಲ್ಲರೇ ಎಂಬುದನ್ನು ಹಗಲು ಹೊತ್ತು ನೋಡಿ ಬಂದವರು ಊಹಿಸಲಾರರು.

ಕರಾರಿನಲ್ಲಿ ಏನು ಹುಡುಕಬೇಕು

ಟೆನೆನ್ಸಿ ಎಂದರೆ ಸಾಮಾನ್ಯವಾಗಿ ಮೂರರಿಂದ ಐದು ವರ್ಷ. ಕಟ್ಟಡದ ಹೊರಗಿನ, ರಚನೆಯ ರಿಪೇರಿ ಬಹುಮಟ್ಟಿಗೆ ಮಾಲೀಕರದು. ಬೇರೆಯವರಿಗೆ ಮಾರಿ ಹೋಗುವಂತಿಲ್ಲ. ಲೀಸ್ ಎಂದರೆ ಹತ್ತು, ಇಪ್ಪತ್ತು ವರ್ಷ. ಒಪ್ಪಿಗೆ ಪಡೆದು ಬೇರೆಯವರಿಗೆ ವರ್ಗಾಯಿಸಬಹುದು. ಆದರೆ ಚಾವಣಿಯಿಂದ ತಳಪಾಯದವರೆಗೆ ರಿಪೇರಿ ಪೂರ್ತಿ ನಿಮ್ಮ ತಲೆಗೆ ಬರುವುದುಂಟು. ಇನ್ನೂರು ವರ್ಷದ ಕಟ್ಟಡದ ಚಾವಣಿ ಯಾವ ವರ್ಷ ಸೋರಬೇಕೆಂದು ನಿಮ್ಮನ್ನು ಕೇಳುವುದಿಲ್ಲ.

ಆದ್ದರಿಂದ ಸಹಿಗೆ ಮುಂಚೆ ಸರ್ವೇಯರ್ ಒಬ್ಬರಿಂದ ಕಟ್ಟಡ ಪರೀಕ್ಷೆ ಮಾಡಿಸಿ, ಆಗಿನ ಸ್ಥಿತಿಯನ್ನು ಫೋಟೊ ಸಮೇತ ದಾಖಲಿಸಿ ಕರಾರಿಗೆ ಸೇರಿಸಬೇಕು. ಇದಕ್ಕಾಗುವ ಖರ್ಚು ಉಳಿಸಲು ಹೋದವರು ಪಬ್ ಬಿಟ್ಟು ಹೊರಡುವ ದಿನ ಅದರ ಹತ್ತು ಪಟ್ಟು ಕೊಡುತ್ತಾರೆ. ನೀವು ಬರುವ ಮೊದಲೇ ಕೊಳೆತಿದ್ದ ಕಿಟಕಿ ಚೌಕಟ್ಟನ್ನೂ ಸರಿಮಾಡಿಸಿ ಕೊಡಿ ಎಂಬ ಪಟ್ಟಿ ಕೈಗೆ ಬಂದಾಗ, ಅದು ಮೊದಲೇ ಹಾಗಿತ್ತು ಎಂದು ಹೇಳುವ ಕಾಗದ ಬೇಕಲ್ಲ.

ಅವಧಿ ಮುಗಿದ ಮೇಲೆ ಉಳಿಯುವ ಹಕ್ಕಿನ ಮಾತು ಇನ್ನೂ ಮುಖ್ಯ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ 1954ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಕಾಯ್ದೆ ವ್ಯಾಪಾರದ ಬಾಡಿಗೆದಾರರಿಗೆ ಕರಾರು ನವೀಕರಿಸಿಕೊಳ್ಳುವ ಹಕ್ಕು ಕೊಡುತ್ತದೆ. ಪಬ್ಬುಗಳನ್ನು ಆ ಕಾಯ್ದೆಯಿಂದ ಬಹುಕಾಲ ಹೊರಗಿಟ್ಟಿದ್ದರು. 1990ರ ತಿದ್ದುಪಡಿಯಿಂದ ಒಳಗೆ ಬಂದವು. ಆದರೆ ಸಹಿ ಹಾಕುವ ಮೊದಲೇ ಈ ಹಕ್ಕನ್ನು ಬಿಟ್ಟುಕೊಡುತ್ತೇನೆಂದು ನಿಮ್ಮಿಂದ ಬರೆಸಿಕೊಳ್ಳಬಹುದು, ಅದೂ ಕಾನೂನುಬದ್ಧವೇ. ಹಕ್ಕು ಇದ್ದರೂ, ಕಂಪನಿ ಆ ಪಬ್ಬನ್ನು ತಾನೇ ನಡೆಸಲು ನಿಜವಾಗಿ ಉದ್ದೇಶಿಸಿದ್ದರೆ ನವೀಕರಣ ನಿರಾಕರಿಸಲು ಕಾಯ್ದೆಯಲ್ಲಿ ದಾರಿಯಿದೆ. ನೀವು ಬೆಳೆಸಿದ ಪಬ್ ಅವರಿಗೆ ಚೆನ್ನಾಗಿ ಕಂಡ ದಿನ ಏನಾಗಬಹುದೆಂದು ಯೋಚಿಸಿ.

ಕೆಲವೊಮ್ಮೆ ಕಂಪನಿ, ಮೊದಲು ಆರು ತಿಂಗಳು ನಡೆಸಿ ನೋಡಿ, ಆಮೇಲೆ ಕರಾರು ಮಾಡೋಣ ಎನ್ನುತ್ತದೆ. ಇದು ಟೆನೆನ್ಸಿ ಅಟ್ ವಿಲ್: ಯಾರು ಬೇಕಾದರೂ ಯಾವಾಗ ಬೇಕಾದರೂ ಮುಗಿಸಬಹುದು. ರುಚಿ ನೋಡಲು ಒಳ್ಳೆಯದೇ. ಅಂಥ ಏರ್ಪಾಡಿನಲ್ಲಿ ಇರುವಾಗ ಅಡುಗೆಮನೆಗೆ ಹೊಸ ತಂದೂರ್ ಹಾಕಿಸಿ ಹಣ ಸುರಿಯುವುದು ಮಾತ್ರ ಅವಿವೇಕ.

ಸ್ವಂತ ಹೆಸರಿನ ಬದಲು ಲಿಮಿಟೆಡ್ ಕಂಪನಿ ಮಾಡಿಕೊಂಡು ಕರಾರಿಗೆ ಇಳಿದರೆ ನಷ್ಟ ಮನೆವರೆಗೆ ಬರುವುದಿಲ್ಲ ಎಂದುಕೊಳ್ಳುವವರಿದ್ದಾರೆ. ಪಬ್‌ಕೋಗಳು ಇದನ್ನು ನಿಮಗಿಂತ ಮೊದಲೇ ಯೋಚಿಸಿವೆ. ನಿರ್ದೇಶಕರ ವೈಯಕ್ತಿಕ ಜಾಮೀನು ಕೇಳುತ್ತಾರೆ. ಜಾಮೀನಿಗೆ ಮಿತಿ ಇದೆಯೇ, ಎಷ್ಟು ತಿಂಗಳ ಬಾಡಿಗೆಯವರೆಗೆ ಎಂದು ಚೌಕಾಸಿ ಮಾಡಲು ಸಹಿಗೆ ಮುಂಚೆ ಮಾತ್ರ ಸಾಧ್ಯ.

2016ರ ಸಂಹಿತೆ

ಪಬ್‌ಕೋಗಳ ಮೇಲೆ ದೂರುಗಳು ವರ್ಷಗಟ್ಟಲೆ ಸಂಸತ್ತಿನ ಸಮಿತಿಗಳ ಮುಂದೆ ಹೋದ ಮೇಲೆ 2015ರಲ್ಲಿ ಕಾಯ್ದೆಯಾಯಿತು. 2016ರ ಜುಲೈ 21ರಿಂದ ಪಬ್ಸ್ ಕೋಡ್ ಎಂಬ ಸಂಹಿತೆ ಜಾರಿಯಲ್ಲಿದೆ. ಅದನ್ನು ನೋಡಿಕೊಳ್ಳಲು ಪಬ್ಸ್ ಕೋಡ್ ಅಡ್ಜುಡಿಕೇಟರ್ ಎಂಬ ಅಧಿಕಾರಿ ಇದ್ದಾರೆ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ 500 ಅಥವಾ ಹೆಚ್ಚು ಟೈಡ್ ಪಬ್ ಇರುವ ಕಂಪನಿಗಳಿಗೆ ಇದು ಅನ್ವಯ: ಅಡ್ಮಿರಲ್, ಗ್ರೀನ್ ಕಿಂಗ್, ಮಾರ್ಸ್ಟನ್ಸ್, ಪಂಚ್, ಸ್ಟೋನ್‌ಗೇಟ್, ಹೈನೆಕೆನ್ ಒಡೆತನದ ಸ್ಟಾರ್. ಶೆಫರ್ಡ್ ನೀಮ್‌ನಂಥ ಚಿಕ್ಕ ಪ್ರಾದೇಶಿಕ ಬ್ರೂವರಿಗಳು ಇದರ ಹೊರಗಿವೆ. ಅವರು ಸ್ವಯಂಪ್ರೇರಣೆಯಿಂದ ಒಪ್ಪಿಕೊಂಡ ನಿಯಮಾವಳಿ ಬೇರೆ. ಸ್ಕಾಟ್ಲೆಂಡಿಗೆ 2021ರ ಪ್ರತ್ಯೇಕ ಕಾಯ್ದೆ ಇದೆ. ಹಾಗಾಗಿ ಮೊದಲು ಕೇಳಬೇಕಾದ್ದು, ನನ್ನ ಪಬ್ ಯಾವ ನಿಯಮದಡಿ ಬರುತ್ತದೆ ಎಂದು.

ಕೋಡಿನ ಒಳಗೆ ಬಂದರೆ ನಿಮಗೆ ಸಿಗುವುದು ಕಡಿಮೆಯಲ್ಲ. ಕರಾರಿಗೆ ಮುನ್ನ ಪಬ್ಬಿನ ವಿವರಗಳನ್ನು, ಬಾಡಿಗೆ ಹೇಗೆ ನಿಗದಿಯಾಯಿತೆಂಬ ಲೆಕ್ಕವನ್ನು ಬರಹದಲ್ಲಿ ಕೊಡಬೇಕು. ನೀವು ತಜ್ಞರ ಸಲಹೆ ಪಡೆದು ವ್ಯಾಪಾರ ಯೋಜನೆ ಸಿದ್ಧಪಡಿಸಿದ್ದೀರೆಂದು ಅವರು ಖಚಿತಪಡಿಸಿಕೊಳ್ಳಬೇಕು. ಅವರ ಏರಿಯಾ ಮ್ಯಾನೇಜರ್ ನಿಮ್ಮೊಡನೆ ಬಾಡಿಗೆ, ರಿಪೇರಿಯಂಥ ವಿಷಯ ಮಾತಾಡಿದರೆ ಅದರ ಟಿಪ್ಪಣಿಯನ್ನು ಹದಿನಾಲ್ಕು ದಿನದಲ್ಲಿ ಕಳುಹಿಸಬೇಕು. ಬಾಯಿಮಾತಿನ ಭರವಸೆಗಳಿಂದ ಎಷ್ಟೋ ಜನ ಹಾಳಾದ ಮೇಲೆ ಬಂದ ನಿಯಮವಿದು. ಟಿಪ್ಪಣಿ ಬರದಿದ್ದರೆ ಬಿಡದೆ ಕೇಳಿ.

ಎಲ್ಲಕ್ಕಿಂತ ದೊಡ್ಡದು ಮಾರ್ಕೆಟ್ ರೆಂಟ್ ಓನ್ಲಿ ಎಂಬ ಆಯ್ಕೆ, ಚಿಕ್ಕದಾಗಿ ಎಂಆರ್‌ಒ. ಕಟ್ಟು ಬೇಡ, ಮಾರುಕಟ್ಟೆಯ ಬಾಡಿಗೆ ಕೊಟ್ಟು ಬೇಕಾದಲ್ಲಿ ಬಿಯರ್ ಕೊಳ್ಳುತ್ತೇನೆ ಎನ್ನುವ ಹಕ್ಕು. ಬಾಡಿಗೆ ಪರಿಷ್ಕರಣೆ, ಕರಾರಿನ ನವೀಕರಣ, ಬಿಯರ್ ಬೆಲೆಯಲ್ಲಿ ಗಣನೀಯ ಏರಿಕೆಯಂಥ ಕೆಲವು ಸಂದರ್ಭಗಳಲ್ಲಿ ಮಾತ್ರ ಇದು ತೆರೆಯುತ್ತದೆ, ನೋಟಿಸು ಕೊಡಲು ಸಿಗುವುದು 21 ದಿನ. ದಿನ ತಪ್ಪಿದರೆ ಮುಂದಿನ ಸಂದರ್ಭಕ್ಕೆ ವರ್ಷಗಟ್ಟಲೆ ಕಾಯಬೇಕು. ಕಂಪನಿ ಪಬ್ಬನ್ನು ನವೀಕರಿಸಲು ದೊಡ್ಡ ಮೊತ್ತ ಹೂಡುವುದಾಗಿ ಮುಂದೆ ಬಂದು, ಪ್ರತಿಯಾಗಿ ಏಳು ವರ್ಷದವರೆಗೂ ಈ ಹಕ್ಕನ್ನು ಬದಿಗಿಡುವಂತೆ ಕೇಳಬಹುದು. ಹೊಸ ಪೇಂಟು, ಹೊಸ ಕುರ್ಚಿ ಕಂಡು ತಲೆಯಾಡಿಸುವ ಮುನ್ನ, ಕೊಡುತ್ತಿರುವುದು ಏನೆಂದು ಗೊತ್ತಿರಲಿ.

ಹಕ್ಕು ಬರಹದಲ್ಲಿದ್ದರೂ ಕೈಗೆ ಬರುವುದು ಸುಲಭವಲ್ಲ. 2020ರ ಅಕ್ಟೋಬರಿನಲ್ಲಿ ಅಡ್ಜುಡಿಕೇಟರ್ ಸ್ಟಾರ್ ಕಂಪನಿಗೆ 20 ಲಕ್ಷ ಪೌಂಡ್ ದಂಡ ಹಾಕಿದರು. ಎಂಆರ್‌ಒ ಕೇಳಿದ ಬಾಡಿಗೆದಾರರಿಗೆ ಹೈನೆಕೆನ್ ಬ್ರಾಂಡುಗಳನ್ನೇ ಮಿತಿಮೀರಿ ಇಟ್ಟುಕೊಳ್ಳಬೇಕೆಂಬ ಷರತ್ತು ಮುಂದೊಡ್ಡಿದ್ದು ಕಾರಣ. ಮುಂಬಾಗಿಲಲ್ಲಿ ಬಿಚ್ಚಿದ ಕಟ್ಟನ್ನು ಹಿತ್ತಲ ಬಾಗಿಲಲ್ಲಿ ಮತ್ತೆ ಕಟ್ಟುವ ಕೆಲಸ ಅದು.

ಲೈಸೆನ್ಸ್ ಮತ್ತು ವೀಸಾ

ಕರ್ನಾಟಕದಲ್ಲಿ ಬಾರ್ ಎಂದರೆ ಮೊದಲು ನೆನಪಾಗುವುದು ಸಿಎಲ್-9 ಲೈಸೆನ್ಸ್. ಅದರ ಬೆಲೆ ಕಟ್ಟಡಕ್ಕಿಂತ ದೊಡ್ಡದು. ಇಂಗ್ಲೆಂಡಿನಲ್ಲಿ ಲೈಸೆನ್ಸ್ ಅಂಥ ಆಸ್ತಿಯಲ್ಲ. 2003ರ ಲೈಸೆನ್ಸಿಂಗ್ ಕಾಯ್ದೆಯಡಿ ಸ್ಥಳೀಯ ಕೌನ್ಸಿಲ್ ಕೊಡುತ್ತದೆ. ಕಟ್ಟಡಕ್ಕೊಂದು, ವ್ಯಕ್ತಿಗೊಂದು. ವ್ಯಕ್ತಿಯ ಲೈಸೆನ್ಸಿಗೆ ಒಂದು ಸಣ್ಣ ಪರೀಕ್ಷೆ, ಅಪರಾಧ ದಾಖಲೆಯ ಪರಿಶೀಲನೆ, 37 ಪೌಂಡ್ ಶುಲ್ಕ. ಪಬ್ಬಿನ ಹೊಣೆ ಹೊತ್ತ ಮೇಲ್ವಿಚಾರಕರೆಂದು ಒಬ್ಬರ ಹೆಸರು ಇರಲೇಬೇಕು. ಆ ಹೆಸರು ಬದಲಾಯಿಸಲು 23 ಪೌಂಡ್. ಹಣ ದೊಡ್ಡದಲ್ಲ, ಓದಬೇಕಾದ್ದು ಕಟ್ಟಡದ ಲೈಸೆನ್ಸಿನ ಷರತ್ತುಗಳನ್ನು. ರಾತ್ರಿ ಹತ್ತರ ಮೇಲೆ ತೋಟದಲ್ಲಿ ಯಾರೂ ಕೂರುವಂತಿಲ್ಲ, ಲೈವ್ ಸಂಗೀತವಿಲ್ಲ, ವಾರಾಂತ್ಯದಲ್ಲಿ ಬಾಗಿಲಿಗೆ ಕಾವಲಿನವರು ಬೇಕು ಎಂಬಂಥ ಒಂದು ಸಾಲು ನಿಮ್ಮ ಇಡೀ ಯೋಜನೆಯನ್ನು ಮಗುಚಬಹುದು. ನೆರೆಯವರ ದೂರು ಬಂದರೆ ಕೌನ್ಸಿಲ್ ಷರತ್ತು ಬಿಗಿಮಾಡಲೂಬಹುದು.

ಬ್ರಿಟನ್ನಿನ ಕನ್ನಡಿಗರಲ್ಲಿ ಹೆಚ್ಚಿನವರು ಸಾಫ್ಟ್‌ವೇರಿನಲ್ಲೋ ಆಸ್ಪತ್ರೆಗಳಲ್ಲೋ ದುಡಿಯುವವರು. ಒಂದು ಹಂತದಲ್ಲಿ ಸ್ವಂತದ್ದೇನಾದರೂ ಮಾಡೋಣ ಎನ್ನಿಸುವುದು ಸಹಜ. ಅಂಥವರು ಮೊದಲು ವೀಸಾ ನೋಡಿಕೊಳ್ಳಬೇಕು. ವಿದ್ಯಾರ್ಥಿ ವೀಸಾದಲ್ಲಿ ಸ್ವಂತ ವ್ಯಾಪಾರ ನಿಷಿದ್ಧ. ಉದ್ಯೋಗದಾತರ ಪ್ರಾಯೋಜಕತ್ವದ ವೀಸಾದಲ್ಲಿ ಇರುವವರು ವಲಸೆ ಕಾನೂನಿನ ವಕೀಲರನ್ನು ಕೇಳದೆ ಹೆಜ್ಜೆ ಇಡಬಾರದು. 2017ರ ಏಪ್ರಿಲ್‌ನಿಂದ ಮದ್ಯದ ಲೈಸೆನ್ಸಿಗೂ ಬ್ರಿಟನ್ನಿನಲ್ಲಿ ದುಡಿಯುವ ಹಕ್ಕಿನ ಪುರಾವೆ ಕಡ್ಡಾಯ.

ಇನ್ನೂ ಕೆಲವು ಹೊರೆಗಳನ್ನು ಹೆಸರಿಸಿ ಮುಂದೆ ಹೋಗುತ್ತೇನೆ. ವ್ಯಾಪಾರದ ಕಟ್ಟಡಕ್ಕೆ ಬರುವ ಬಿಸಿನೆಸ್ ರೇಟ್ಸ್ ತೆರಿಗೆಯನ್ನು ಪಬ್ಬಿಗೆ ಅದರ ವಹಿವಾಟು ನೋಡಿ ಹಾಕುತ್ತಾರೆ. 2026ರ ಏಪ್ರಿಲ್ 1ರಿಂದ ಹೊಸ ಮೌಲ್ಯಮಾಪನ ಬಂದಿದೆ, ಹಳೆಯ ಬಿಲ್ ನೋಡಿ ಲೆಕ್ಕ ಹಾಕಬೇಡಿ. ಹಿಂದಿನ ಬಾಡಿಗೆದಾರನ ಕೆಲಸಗಾರರು ಅದೇ ಸಂಬಳ, ಅದೇ ಸೇವಾವಧಿಯೊಂದಿಗೆ ಕಾನೂನು ಪ್ರಕಾರ ನಿಮ್ಮ ಪಾಲಿಗೆ ಬರುತ್ತಾರೆ. ಯಾರ ಬಾಕಿ ರಜೆ ಎಷ್ಟಿದೆ ಎಂದು ಮೊದಲೇ ಕೇಳಿ. ಊಟ ಬಡಿಸುವುದಾದರೆ 28 ದಿನ ಮುಂಚಿತವಾಗಿ ಕೌನ್ಸಿಲಿನಲ್ಲಿ ನೋಂದಣಿ. ಟಿವಿಯಲ್ಲಿ ಫುಟ್ಬಾಲ್ ತೋರಿಸಲು ಪಬ್ಬಿನ ದರ ಬೇರೆ. ಮನೆಯ ಸಂಪರ್ಕದಿಂದ ತೋರಿಸಿ ಸಿಕ್ಕಿಬಿದ್ದವರ ಮೇಲೆ ಮೊಕದ್ದಮೆಗಳಾಗಿವೆ.

ಪಬ್ಬಿನೊಳಗೆ ಕೂತು ನೋಡುವುದು

ಕಾಗದ ಓದಿದ್ದಾಯಿತು. ಇನ್ನು ಹೋಗಿ ಕೂರಬೇಕು, ಹೆಸರು ಹೇಳದೆ. ಶನಿವಾರ ಸಂಜೆ ಎಲ್ಲ ಪಬ್ಬೂ ತುಂಬಿರುತ್ತದೆ. ಜನವರಿಯ ಮಂಗಳವಾರ ಮಧ್ಯಾಹ್ನ ಮೂರಕ್ಕೆ ಯಾರಿದ್ದಾರೆ ನೋಡಿ. ಊರಿನ ಉಳಿದ ಪಬ್ಬುಗಳಲ್ಲೂ ಕೂರಿ. ಈ ಪಬ್ಬಿಗೆ ಐದು ವರ್ಷದಲ್ಲಿ ಎಷ್ಟು ಜನ ಬಾಡಿಗೆದಾರರು ಬಂದುಹೋದರು ಎಂದು ಎದುರು ಪಬ್ಬಿನವರು ಸಂತೋಷವಾಗಿಯೇ ಹೇಳುತ್ತಾರೆ. ಮೂವರು ನಾಲ್ವರು ಎಂದರೆ ತಪ್ಪು ಅವರೆಲ್ಲರದೂ ಇರಲಾರದು.

ಸಾಧ್ಯವಾದರೆ ಹೊರಡುತ್ತಿರುವ ಬಾಡಿಗೆದಾರನನ್ನು ಒಬ್ಬನೇ ಸಿಕ್ಕಾಗ ಮಾತಾಡಿಸಿ, ನೆಲಮಾಳಿಗೆ ತೋರಿಸಲು ಕೇಳಿ. ಕ್ಯಾಸ್ಕ್ ಏಲ್ ಎಂಬ ಸಾಂಪ್ರದಾಯಿಕ ಬಿಯರ್ ಜೀವಂತ ಪದಾರ್ಥ. 11ರಿಂದ 13 ಡಿಗ್ರಿಯಲ್ಲಿರಬೇಕು, ಪೀಪಾಯಿ ತೆರೆದ ಮೇಲೆ ಮೂರು ದಿನದಲ್ಲಿ ಖಾಲಿಯಾಗಬೇಕು. ಒಂಬತ್ತು ಗ್ಯಾಲನ್ನಿನ ಫರ್ಕಿನ್‌ನಲ್ಲಿ 72 ಪಿಂಟ್ ಇದೆ. ಮೂರು ದಿನದಲ್ಲಿ 72 ಜನ ಅದೇ ಏಲ್ ಕೇಳದ ಪಬ್ಬಿನಲ್ಲಿ ಆರು ಬಗೆಯ ಏಲ್ ಇಟ್ಟಿದ್ದರೆ ಅರ್ಧ ಚರಂಡಿಗೆ ಹೋಗುತ್ತಿದೆ ಎಂದೇ ಅರ್ಥ. ಕೊಳವೆಗಳನ್ನು ವಾರಕ್ಕೊಮ್ಮೆ ತೊಳೆಯುವಾಗ ಅದರೊಳಗಿದ್ದ ಬಿಯರೂ ಹೋಗುತ್ತದೆ. ಕಂಪನಿ ತೋರಿಸುವ ಲಾಭದ ಪಟ್ಟಿಯಲ್ಲಿ ಹೀಗೆ ಪೋಲಾಗುವ ಬಿಯರಿಗೆ ಜಾಗ ಬಿಟ್ಟಿದ್ದಾರೆಯೇ ನೋಡಿ.

ಭಾರತೀಯ ಅಡುಗೆ ಇಟ್ಟರೆ ಪಬ್ ಎದ್ದು ನಿಲ್ಲುತ್ತದೆಯೇ? ಬರ್ಮಿಂಗ್‌ಹ್ಯಾಮ್ ಪಕ್ಕದ ಸ್ಮೆದಿಕ್, ವೆಸ್ಟ್ ಬ್ರಾಮ್‌ವಿಚ್ ಕಡೆ ದೇಸಿ ಪಬ್ ಎಂದೇ ಹೆಸರಾದ ಜಾಗಗಳಿವೆ. ಎರಕದ ಕಾರ್ಖಾನೆಗಳಿಗೆ ದುಡಿಯಲು ಬಂದ ಪಂಜಾಬಿಗಳನ್ನು ಒಂದು ಕಾಲದಲ್ಲಿ ಅಲ್ಲಿನ ಪಬ್ಬುಗಳು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ, ಬಿಟ್ಟರೂ ಬೇರೆ ಕೋಣೆ. 1965ರ ಫೆಬ್ರುವರಿಯಲ್ಲಿ ಅಮೆರಿಕದ ಕರಿಯರ ಹಕ್ಕುಗಳ ಹೋರಾಟಗಾರ ಮಾಲ್ಕಂ ಎಕ್ಸ್ ಸ್ಮೆದಿಕ್‌ಗೆ ಬಂದದ್ದು ಆ ಊರಿನ ವರ್ಣಭೇದವನ್ನು ಕಣ್ಣಾರೆ ನೋಡಲು. ಈಗ ಅದೇ ಸುತ್ತಿನ ಎಷ್ಟೋ ಪಬ್ಬುಗಳ ಯಜಮಾನರು ಪಂಜಾಬಿಗಳು, ಬಿಳಿಯರೂ ಕರಿಯರೂ ಸಾಲಾಗಿ ಕೂತು ಮಿಕ್ಸ್ಡ್ ಗ್ರಿಲ್ ತಿನ್ನುತ್ತಾರೆ. ಅದು ಗೆದ್ದದ್ದು ಅಲ್ಲಿ ಆ ಜನ, ಆ ನೆರೆಹೊರೆ ಮೊದಲೇ ಇದ್ದುದರಿಂದ. ಇಂಗ್ಲೆಂಡಿನ ಪೂರ್ವದ ನಾರ್ಫೋಕಿನ ಹಳ್ಳಿಯಲ್ಲಿ ಭಾನುವಾರದ ರೋಸ್ಟ್, ಅಂದರೆ ಹುರಿದ ಮಾಂಸದ ಊಟ, ತೆಗೆದು ಕೋರಿ ರೊಟ್ಟಿ ಇಟ್ಟರೆ ಏನಾಗುತ್ತದೆಂದು ಖಾತರಿಯಾಗಿ ಹೇಳುವವರಿಲ್ಲ. ರೋಸ್ಟ್ ಉಳಿಸಿಕೊಂಡು ಗುರುವಾರ ಒಂದು ದಿನ ಕೋರಿ ರೊಟ್ಟಿಗೆ ಕೊಡುವುದು ಕಡಿಮೆ ಅಪಾಯದ ದಾರಿ.

ಕೈಯಲ್ಲಿ ಎಷ್ಟಿರಬೇಕು

ಬ್ಯಾನರಿನಲ್ಲಿ ಹೇಳಿದ ಮೊತ್ತ ಬಹುತೇಕ ಅಡ್ವಾನ್ಸ್ ಮಾತ್ರ. ಅದರ ಮೇಲೆ ಮೇಜು, ಕುರ್ಚಿ, ಫ್ರಿಜ್, ಒಲೆಗಳ ಬೆಲೆ, ನೆಲಮಾಳಿಗೆಯಲ್ಲಿ ಇರುವ ಸರಕಿನ ಬೆಲೆ, ಮುಂಗಡ ಬಾಡಿಗೆ, ವಕೀಲ, ಸರ್ವೇಯರ್, ಅಕೌಂಟೆಂಟ್, ತರಬೇತಿ, ಲೈಸೆನ್ಸ್ ಬದಲಾವಣೆ. ಇಷ್ಟು ಕೊಟ್ಟ ಮೇಲೆ ಮೂರರಿಂದ ಆರು ತಿಂಗಳ ಖರ್ಚಿಗೆ ಸಾಕಾಗುವಷ್ಟು ಕೈಯಲ್ಲಿ ಉಳಿಯಬೇಕು, ಸಾಲವಲ್ಲದ ಹಣ. ಹೊಸ ಬಾಡಿಗೆದಾರನಿಗೆ ಕರೆಂಟಿನ ಕಂಪನಿ ಕೂಡ ಠೇವಣಿ ಕೇಳಬಹುದು. ಮೊದಲ ಮೂರು ತಿಂಗಳು ಗಲ್ಲಾದಲ್ಲಿ ಹಣ ಚೆನ್ನಾಗಿ ಕಾಣುತ್ತದೆ, ಯಾಕೆಂದರೆ ಅದರಲ್ಲಿ ಆರನೇ ಒಂದು ಭಾಗ ಇನ್ನೂ ಕಟ್ಟದ ವ್ಯಾಟ್. ಆ ಹಣವನ್ನು ದಿನವೂ ಬೇರೆ ಖಾತೆಗೆ ಹಾಕದಿದ್ದರೆ ಮೊದಲ ವ್ಯಾಟ್ ಬಿಲ್ ಬಂದ ತಿಂಗಳೇ ಸರಕಿಗೆ ಹಣವಿರುವುದಿಲ್ಲ. ಕಂಪನಿ ಬಿಯರ್ ಸಾಲಕ್ಕೆ ಕೊಡುವುದಿಲ್ಲ, ಬಾಕಿ ಉಳಿದರೆ ಲಾರಿ ಬರುವುದಿಲ್ಲ. ಬೇರೆ ಕಡೆಯಿಂದ ತರಿಸಲು ನಿಮಗೆ ಅನುಮತಿಯೂ ಇಲ್ಲ.

ಕರಾರಿನಲ್ಲಿ ನಾನಾದರೆ ಮೊದಲು ಓದುವ ಪುಟ ಹೊರಹೋಗುವ ಷರತ್ತಿನದು. ಎಷ್ಟು ತಿಂಗಳ ನೋಟಿಸಿಗೆ ನಾನು ಬಿಡಬಹುದು, ಐದು ವರ್ಷ ಮುಗಿಯುವವರೆಗೂ ಸಿಕ್ಕಿಕೊಂಡಿರಬೇಕೇ? ಮೇಜು ಕುರ್ಚಿಗಳನ್ನು ಕಂಪನಿ ವಾಪಸು ಕೊಳ್ಳಬೇಕೆಂದು ಬರೆದಿದೆಯೇ, ಬರೆದಿದ್ದರೆ ಬೆಲೆ ಕಟ್ಟುವವರು ಯಾರು? ಅಡ್ವಾನ್ಸಿನಲ್ಲಿ ರಿಪೇರಿ ಖರ್ಚು ಮುರಿದುಕೊಂಡು ಉಳಿದದ್ದನ್ನು ಎಷ್ಟು ದಿನದಲ್ಲಿ ಕೊಡುತ್ತಾರೆ? ಮೇಲಿನ ಮನೆಯನ್ನು ಪಬ್ಬಿನ ಜೊತೆಗೆ ಅದೇ ದಿನ ಖಾಲಿ ಮಾಡಬೇಕೇ? ಉತ್ತರ ಬಹುತೇಕ ಹೌದು ಎಂದೇ ಇರುತ್ತದೆ. ಹಾಗಿದ್ದರೆ ಒಂದು ಮನೆಯ ಅಡ್ವಾನ್ಸ್ ಮತ್ತು ಎರಡು ತಿಂಗಳ ಬಾಡಿಗೆಯಷ್ಟು ಹಣವನ್ನು ಪಬ್ಬಿಗೆ ಸೇರಿಸದೆ, ಸಂಸಾರದ ಹೆಸರಿನಲ್ಲಿ ಬೇರೆಯೇ ತೆಗೆದಿಡಬೇಕು.